ಬಾಗಿಲಿಗೆ ಲಾಳ ಸರಿ, ಗೊರಸಿನ ಗತಿಯೇನು?

ಹೊಸ ಮನೆಯ ಹೊಸ್ತಿಲಿಗೆ ಹೊಡೆಯಲು ಹೊಸ ಲಾಳ ಒಲ್ಲರು, ಕುದುರೆಯ ಕಾಲಲ್ಲಿ ಸವೆದದ್ದೇ ಬೇಕು. ಶನಿಕಾಟಕ್ಕೆ ಉಂಗುರ ಮಾಡಿಸುವವರೂ ಕಪ್ಪು ಕುದುರೆಯ ಲಾಳವನ್ನೇ ಹುಡುಕುತ್ತಾರೆ. ಆ ಕಬ್ಬಿಣಕ್ಕೆ ಇಷ್ಟು ಬೆಲೆ. ಅದನ್ನು ತೊಟ್ಟಿದ್ದ ಗೊರಸು ಹೇಗಿದೆ, ಹೊಡೆದವನಿಗೆ ಕೆಲಸ ಯಾರು ಕಲಿಸಿದರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಬೆಂಗಳೂರಿನ ಕಲಾಸಿಪಾಳ್ಯ ಮೊದಲಿನಿಂದಲೂ ಸಾಗಾಟದ ಜಾಗ. 1791ರಲ್ಲಿ ಪೂರ್ತಿಯಾದ ಟಿಪ್ಪುವಿನ ಬೇಸಿಗೆ ಅರಮನೆ ಪಕ್ಕದಲ್ಲೇ ಇದೆ. ಸೈನ್ಯಕ್ಕೆ ಡೇರೆ ಹಾಕುತ್ತಿದ್ದ ಖಲಾಸಿಗಳಿಂದ ಈ ಹೆಸರು ಬಂತೆಂದು ಹಳಬರು ಹೇಳುತ್ತಾರೆ. ಬಸವನಗುಡಿ, ಚಾಮರಾಜಪೇಟೆಯ ಮನೆಗಳಿಗೆ ರೈಲ್ವೆ ಸ್ಟೇಷನ್ನಿನಿಂದ ನೆಂಟರು ಜಟಕಾದಲ್ಲಿ ಬರುತ್ತಿದ್ದ ಕಾಲದಲ್ಲಿ ಲಾಳ ಹೊಡೆಯುವ ನಾಲ್‌ಬಂದ್ ಎಲ್ಲರಿಗೂ ಗೊತ್ತಿದ್ದ ಕಸುಬುದಾರ. ಈಗ ಅದೇ ಬೀದಿಗಳಲ್ಲಿ ಲಾರಿ ಆಫೀಸುಗಳು, ಗ್ಯಾರೇಜುಗಳು, ಟೈರಿನ ಅಂಗಡಿಗಳು. ಲಾರಿಯ ಚಕ್ರಕ್ಕೆ ಏನೇ ಆದರೂ ನಡುರಾತ್ರಿಯಲ್ಲೂ ಯಾರಾದರೂ ಎದ್ದು ಬರುತ್ತಾರೆ. ಮದುವೆ ದಿಬ್ಬಣದ ಕುದುರೆಯ ಲಾಳ ಸಡಿಲವಾದರೆ ಆ ಸೌಕರ್ಯವಿಲ್ಲ.

ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು 8ರಿಂದ 10 ಮಿಲಿಮೀಟರ್. ಹೀಗಾಗಿ ಲಾಳ ಸವೆಯದಿದ್ದರೂ ಆರು ವಾರಕ್ಕೊಮ್ಮೆಯಾದರೂ ಅದನ್ನು ಕಿತ್ತು, ಬೆಳೆದ ಗೊರಸನ್ನು ಕತ್ತರಿಸಿ, ಅರದಿಂದ ಸಮ ಮಾಡಿ ಮತ್ತೆ ಹೊಡೆಯಬೇಕು. ಬಲ್ಲ ಕೈಯ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ನಾಲ್‌ಬಂದ್ ಕುದುರೆಯ ಮುಂಗಾಲನ್ನು ತನ್ನ ಎರಡು ಮಂಡಿಗಳ ನಡುವೆ ಸಿಕ್ಕಿಸಿಕೊಂಡು ಬಗ್ಗುತ್ತಾನೆ. ತಳದಲ್ಲಿ ಅಂಟಿದ ಸಗಣಿ, ಕಲ್ಲುಚೂರು ಕೆರೆದು ತೆಗೆಯುತ್ತಾನೆ. ನಡುವಿನ ತ್ರಿಕೋನಾಕಾರದ ಮೆತ್ತನೆಯ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾನೆ. ಅಲ್ಲಿ ಕೊಳೆತ ವಾಸನೆ ಬಂದರೆ ಲಾಯದ ನೆಲ ಒಣಗಿಲ್ಲವೆಂದು ಅವನಿಗೆ ತಿಳಿಯುತ್ತದೆ. ಹೊರಗೋಡೆಗೂ ತಳಕ್ಕೂ ನಡುವೆ ಒಂದು ಬಿಳಿ ಗೆರೆಯಿದೆ. ಮೊಳೆ ಅದರ ಹೊರಗೇ ಇಳಿಯಬೇಕು, ಅಲ್ಲಿ ನೋವಿಲ್ಲ. ಒಳಗೆ ಸರಿದರೆ ಜೀವವಿರುವ ಭಾಗಕ್ಕೆ ಚುಚ್ಚುತ್ತದೆ, ಕೀವಾಗುತ್ತದೆ, ಕುದುರೆ ಕುಂಟುತ್ತದೆ. ಸುತ್ತಿಗೆಯ ಸದ್ದು ಬದಲಾದದ್ದರಲ್ಲೇ ಮೊಳೆ ಎತ್ತ ಹೋಗುತ್ತಿದೆಯೆಂದು ಹಿಡಿಯುವವರಿದ್ದಾರೆ. ಇದನ್ನು ಕೂಲಿ ಕೆಲಸವೆಂದು ತಳ್ಳಿಹಾಕುವುದು ಅನ್ಯಾಯ.

ಇದೇ ಬೆಂಗಳೂರಿನಲ್ಲಿ ರೇಸ್ ಕುದುರೆಗೆ ಹಗುರವಾದ ಅಲ್ಯೂಮಿನಿಯಂ ಲಾಳವಿದೆ, ಪಶುವೈದ್ಯರಿದ್ದಾರೆ, ಕಾಲು ನೋಡಿಕೊಳ್ಳಲೆಂದೇ ಜನರಿದ್ದಾರೆ. ಜರಿಬಟ್ಟೆ ಹೊದ್ದು, ಬ್ಯಾಂಡಿನ ಗದ್ದಲದ ನಡುವೆ ಡಾಂಬರು, ಕಾಂಕ್ರೀಟಿನ ಮೇಲೆ ವರನನ್ನು ಹೊತ್ತು ನಡೆಯುವ ಕುದುರೆಗೆ ಅದರಲ್ಲಿ ಯಾವುದೂ ಖಾತ್ರಿಯಿಲ್ಲ. ಗಟ್ಟಿ ರಸ್ತೆಯ ಏಟು ನೇರ ಕೀಲಿಗೆ ಬೀಳುತ್ತದೆ. ಕಾಲಿನ ಕಾಳಜಿ ಹೆಚ್ಚು ಬೇಕಾದದ್ದು ಇದಕ್ಕೇ. ತಪ್ಪನ್ನೆಲ್ಲ ಕುದುರೆ ಸಾಕುವವನ ತಲೆಗೆ ಕಟ್ಟುವುದೂ ಸರಿಯಲ್ಲ. ಮದುವೆ ಸೀಸನ್ನಿನಲ್ಲಷ್ಟೇ ಸಂಪಾದನೆ, ಹುರುಳಿ-ಹುಲ್ಲಿನ ಖರ್ಚು ಮಾತ್ರ ವರ್ಷವಿಡೀ.

ಕಾನೂನು ಅರ್ಧ ದಾರಿ ಬಂದಿದೆ. ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗಾಗಿ 1965ರಲ್ಲಿ ಬಂದ ಕೇಂದ್ರದ ನಿಯಮಗಳು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದೆನ್ನುತ್ತವೆ. ಲಾಳ ಹೊಡೆಯುವವನಿಗೆ ಪರವಾನಗಿ ಬೇಕೆಂದು ಅದೇ ವರ್ಷದ ಇನ್ನೊಂದು ನಿಯಮಾವಳಿ ಹೇಳುತ್ತದೆ, ಆದರೆ ಬೀದಿಯಲ್ಲಿ ಅದನ್ನು ಕೇಳುವವರಿಲ್ಲ. ಬ್ರಿಟನ್ 1975ರಲ್ಲಿ ಕಾನೂನು ಮಾಡಿ, ನೋಂದಣಿಯಾದವರಷ್ಟೇ ಕುದುರೆಗೆ ಲಾಳ ಹೊಡೆಯಬೇಕೆಂದಿತು. ನಮ್ಮ ಸೈನ್ಯಕ್ಕೂ ಇದರ ಬೆಲೆ ಗೊತ್ತು. ಮೀರತ್‌ನ ರಿಮೌಂಟ್ ವೆಟರ್ನರಿ ಕೋರ್ ಕೇಂದ್ರದಲ್ಲಿ ಈ ಕಸುಬನ್ನು ಕಲಿಸುತ್ತಾರೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ಮೈಸೂರು ಲ್ಯಾನ್ಸರ್ಸ್ ಸವಾರರಿಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ಆ ಕುದುರೆಗಳ ಕಾಲು ಕಾಪಾಡಿದ ಕೈಗಳನ್ನು ನೆನೆಯುವವರಿಲ್ಲ.

ಹೆಬ್ಬಾಳದಲ್ಲಿ 1958ರಲ್ಲೇ ಶುರುವಾದ ಪಶುವೈದ್ಯಕೀಯ ಕಾಲೇಜಿದೆ. ಅಪ್ಪನ ಕೈಯಲ್ಲಿ ಕಸುಬು ಕಲಿತವರನ್ನೇ ಕರೆದು, ಗೊರಸಿನ ಒಳರಚನೆ ತೋರಿಸಿ, ಪ್ರಮಾಣಪತ್ರ ಕೊಡುವ ಕೋರ್ಸನ್ನು ಅಲ್ಲಿ ತೆರೆಯಬೇಕು. ಪಾಠ ಹೇಳುವವರಲ್ಲಿ ಹಳೆಯ ನಾಲ್‌ಬಂದರೂ ಇರಬೇಕು. ವಾರಕ್ಕೊಂದು ದಿನ ಕಲಾಸಿಪಾಳ್ಯ, ಮಾರ್ಕೆಟ್ ಸುತ್ತಮುತ್ತ ನೆರಳು, ನೀರು, ಸಮನೆಲವಿರುವ ಒಂದು ಶೆಡ್ಡಿನಲ್ಲಿ ಕಡಿಮೆ ದರಕ್ಕೆ ಲಾಳ ಹೊಡೆಯುವ ಏರ್ಪಾಡಾದರೆ ಬಡ ಮಾಲೀಕರೂ ಬರುತ್ತಾರೆ. ಪಾಲಿಕೆಗೆ ಇದು ದೊಡ್ಡ ಖರ್ಚಲ್ಲ.

ಅದಾಗುವವರೆಗೆ ದಿಬ್ಬಣಕ್ಕೆ ಕುದುರೆ ಗೊತ್ತುಮಾಡುವ ಮನೆಯವರು ಬಣ್ಣ, ಎತ್ತರ ನೋಡುವ ಮೊದಲು ಕಾಲೆತ್ತಿ ತೋರಿಸಲು ಹೇಳಲಿ. ಗೊರಸು ಲಾಳದ ಅಂಚು ದಾಟಿ ಬೆಳೆದಿದ್ದರೆ, ಮೊಳೆ ಸಡಿಲಾಗಿದ್ದರೆ, ನಾಲ್ಕು ಹೆಜ್ಜೆ ನಡೆಸಿದಾಗ ಒಂದು ಕಾಲನ್ನು ಹಗುರವಾಗಿ ಊರಿದರೆ, ಆ ಕುದುರೆಗೆ ಅಂದು ರಜೆ ಕೊಡಿಸಿ, ವರನನ್ನು ಕಾರಿನಲ್ಲಿ ಕರೆತರಲಿ.