ಜೀವಂತ ಸರಕು, ವರ್ತಕರ ಹೊಣೆ

ಮಲೆನಾಡು ಹಾಗೂ ಕೊಡಗಿನ ಕಾಳುಮೆಣಸು ಬೆಳೆಗಾರರನ್ನು ಮಳೆಗಾಲದಲ್ಲಿ ಕಾಡುವ ಪಿಡುಗೆಂದರೆ ಶೀಘ್ರ ಸೊರಗು ರೋಗ. ಮಣ್ಣಿನಲ್ಲಿರುವ ಫೈಟಾಫ್ತೊರಾ ರೋಗಾಣುವಿನಿಂದ ಬುಡ ಕೊಳೆತು, ಬಳ್ಳಿ ಕೆಲವೇ ವಾರಗಳಲ್ಲಿ ಸಾಯುತ್ತದೆ. ಇದರ ತಡೆಗೆ ಬೇವಿನ ಹಿಂಡಿ ಹಾಗೂ ಟ್ರೈಕೋಡರ್ಮಾ ಶಿಲೀಂಧ್ರದ ಬಳಕೆ ರೂಢಿಗೆ ಬಂದಿದ್ದು, ಸಣ್ಣ ಉದ್ದಿಮೆದಾರರಿಗೂ ಹೊಸ ಅವಕಾಶ ತೆರೆದಿದೆ.

ಟ್ರೈಕೋಡರ್ಮಾ ರೋಗಾಣುವಿನ ಎಳೆಗಳನ್ನು ಸುತ್ತಿಕೊಂಡು, ಕಿಣ್ವಗಳಿಂದ ಅವುಗಳನ್ನು ಕರಗಿಸುತ್ತದೆ. ಜೀವವಿದ್ದರೆ ಮಾತ್ರ ಈ ಕಾರ್ಯ ಸಾಧ್ಯ. 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿಗೆ ಪ್ರತಿ ಗ್ರಾಂ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಕಣಗಳಿರಬೇಕೆಂಬ ಮಾನದಂಡವಿರುವುದು ಇದಕ್ಕಾಗಿಯೇ. ಕಾರ್ಖಾನೆಯಲ್ಲಿ ಈ ಮಟ್ಟ ತಲುಪಿದ ಸರಕು, ತಗಡಿನ ಮಾಡಿನ ಗೋದಾಮಿನ ಬೇಸಿಗೆಯ ಬಿಸಿಯಲ್ಲಿ ನಿರ್ಜೀವವಾಗಬಹುದು. ಪೊಟ್ಟಣ ನೋಡಿ ಅದನ್ನರಿಯುವುದು ಬೆಳೆಗಾರನಿಗೆ ಸಾಧ್ಯವಿಲ್ಲ. ಬಳ್ಳಿ ಸತ್ತಾಗ ಆತ ದೂರುವುದು ದಾಸ್ತಾನನ್ನಲ್ಲ, ಜೈವಿಕ ವಿಧಾನವನ್ನೇ. ಒಬ್ಬರ ಅಜಾಗ್ರತೆಗೆ ಇಡೀ ವ್ಯಾಪಾರ ದಂಡ ತೆರಬೇಕಾಗುತ್ತದೆ.

ಆದುದರಿಂದ ತಯಾರಕರು ಪ್ರತಿ ತಂಡದ ಸರಕಿನ ಜೀವಕಣಗಳನ್ನು ಪರೀಕ್ಷಿಸಿ, ತಯಾರಿಕೆಯ ಹಾಗೂ ಅವಧಿ ಮುಗಿಯುವ ದಿನಾಂಕಗಳನ್ನು ಸ್ಪಷ್ಟವಾಗಿ ಮುದ್ರಿಸಬೇಕು. ವರ್ತಕರು ಮಳೆಗಾಲಕ್ಕೆ ಬೇಕಾದಷ್ಟನ್ನೇ ತರಿಸಿ, ತಂಪಾದ ನೆರಳಿನಲ್ಲಿರಿಸಿ, ಹಳೆಯ ದಾಸ್ತಾನನ್ನು ಹಿಂದಿರುಗಿಸಬೇಕು. ಬೇವಿನ ಹಿಂಡಿಗೆ ಅಗ್ಗದ ಹಿಂಡಿ ಬೆರೆಸುವುದನ್ನು ತಡೆಯಬೇಕು.

ಬಳಕೆಯ ಕ್ರಮವನ್ನೂ ತಿಳಿಸುವುದು ಅಗತ್ಯ. 90 ಕಿಲೋ ಕೊಟ್ಟಿಗೆ ಗೊಬ್ಬರ, 10 ಕಿಲೋ ಬೇವಿನ ಹಿಂಡಿಗೆ 1 ಕಿಲೋ ಟ್ರೈಕೋಡರ್ಮಾ ಬೆರೆಸಿ, ಸುಮಾರು 15 ದಿನ ನೆರಳಿನಲ್ಲಿ ತೇವವಾಗಿಟ್ಟರೆ ಶಿಲೀಂಧ್ರ ವೃದ್ಧಿಸುತ್ತದೆ. ತಾಮ್ರಯುಕ್ತ ಔಷಧಿಯೊಡನೆ ಇದನ್ನು ಬೆರೆಸಬಾರದು. ಇದು ರೋಗ ಬಾರದಂತೆ ತಡೆಯುವ ಉಪಾಯವೇ ಹೊರತು ಕೊಳೆತ ಬಳ್ಳಿಯನ್ನು ಉಳಿಸುವ ಮದ್ದಲ್ಲ. ಈ ಮಾತನ್ನು ಮುಚ್ಚಿಟ್ಟು ಮಾರಿದರೆ ಒಂದು ಋತುವಿನ ಲಾಭ ದೊರೆತೀತು. ಹೇಳಿ ಮಾರಿದರೆ ಗಿರಾಕಿ ಮುಂದಿನ ವರ್ಷವೂ ಅದೇ ಅಂಗಡಿಯ ಮೆಟ್ಟಿಲು ಹತ್ತುವನು.