ಕದ್ದ ಗೆಲುವಿನ ಬೆಲೆ: ಪಾಕಿಸ್ತಾನ, 1977

ಪಾಕಿಸ್ತಾನದ 1977ರ ಚುನಾವಣೆಯ ಪ್ರಸ್ತಾಪ ಬಂದಾಗಲೆಲ್ಲ ಒಂದು ಸಮಾಧಾನದ ಮಾತು ಕೇಳಿಬರುತ್ತದೆ. ಜುಲ್ಫಿಕರ್ ಅಲಿ ಭುಟ್ಟೋ ಅಕ್ರಮವಿಲ್ಲದೆಯೂ ಗೆಲ್ಲುತ್ತಿದ್ದರು. ಆದುದರಿಂದ ಮತಗಟ್ಟೆಯ ಅಕ್ರಮವನ್ನು ದೊಡ್ಡದು ಮಾಡಬೇಕಾಗಿಲ್ಲ. ನಿಜವಾದ ಅಪರಾಧಿ ಸೇನಾಧಿಪತಿ ಜಿಯಾ ಉಲ್ ಹಕ್ ಒಬ್ಬನೇ ಎಂಬುದು ಆ ಮಾತಿನ ಸಾರ. ಇದರ ಮೊದಲ ಭಾಗ ನಿಜವಿರಬಹುದು. ಅದರಿಂದ ಹೊರಡಿಸಿದ ತೀರ್ಮಾನ ಮಾತ್ರ ಸಂಪೂರ್ಣ ತಪ್ಪು. ಹೇಗೂ ಗೆಲ್ಲುವವನು ಮತವನ್ನು ಕದ್ದರೆ ಅಪರಾಧ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಅವನು ತನ್ನ ನಿಜವಾದ ಗೆಲುವನ್ನೂ ನಂಬಲಾಗದಂತೆ ಮಾಡಿಬಿಡುತ್ತಾನೆ.

ಅಂದು ನಡೆದದ್ದನ್ನು ನೆನೆಯಬೇಕು. ನೇಗಿಲಿನ ಗುರುತಿನಡಿ ಒಂದುಗೂಡಿದ ಒಂಬತ್ತು ಪಕ್ಷಗಳ ಮೈತ್ರಿಕೂಟ ಭುಟ್ಟೋ ಅವರ ಪೀಪಲ್ಸ್ ಪಾರ್ಟಿಯ ಎದುರು ನಿಂತಿತು. ಸಭೆಗಳಲ್ಲಿ ಜನಸಾಗರ ಸೇರಿತು. ಮಾರ್ಚ್ 7ರ ಮತದಾನದ ಫಲಿತಾಂಶ ಬಂದಾಗ 200 ಸ್ಥಾನಗಳಲ್ಲಿ 155 ಆಳುವ ಪಕ್ಷಕ್ಕೆ, 36 ಮಾತ್ರ ಮೈತ್ರಿಕೂಟಕ್ಕೆ. ಲಾರ್ಕಾನಾದಲ್ಲಿ ಪ್ರಧಾನಿ ಅವಿರೋಧವಾಗಿ ಆಯ್ಕೆಯಾಗಿದ್ದರು; ಎದುರಾಳಿ ನಾಮಪತ್ರ ಸಲ್ಲಿಸದಂತೆ ಅವರನ್ನು ತಡೆಹಿಡಿಯಲಾಯಿತೆಂಬ ಆರೋಪ ಅದಾಗಲೇ ಹಬ್ಬಿತ್ತು. ಸ್ವಂತ ಊರಿನಲ್ಲಿ ಸ್ಪರ್ಧೆಗೆ ಅಂಜುವ ಅಗತ್ಯ ಭುಟ್ಟೋ ಅವರಿಗೆ ಏನಿತ್ತು? ಗೆಲುವು ಸಾಲದು, ಎದುರಾಳಿಯೇ ಇರಬಾರದು ಎಂಬ ಹಂಬಲಕ್ಕೆ ಅಹಂಕಾರವೆಂದಲ್ಲದೆ ಬೇರೆ ಹೆಸರಿಲ್ಲ.

ಮೈತ್ರಿಕೂಟ ಮಾರ್ಚ್ 10ರ ಪ್ರಾಂತೀಯ ಚುನಾವಣೆಯನ್ನು ಬಹಿಷ್ಕರಿಸಿ ಬೀದಿಗಿಳಿಯಿತು. ಮರುಚುನಾವಣೆಯ ಬೇಡಿಕೆ ನ್ಯಾಯವಾದದ್ದೇ. ಆದರೆ ಮತಪೆಟ್ಟಿಗೆಯ ಜಗಳ ಕೆಲವೇ ವಾರಗಳಲ್ಲಿ 'ನಿಜಾಮ್-ಎ-ಮುಸ್ತಫಾ'ದ ಕೂಗಾಗಿ ಬದಲಾಯಿತು. ಭುಟ್ಟೋ ಅದಕ್ಕೆ ತಕ್ಕ ಉತ್ತರವನ್ನೇ ಕೊಟ್ಟರು: ಮದ್ಯ ನಿಷೇಧ, ಜೂಜಿಗೆ ತಡೆ, ಶುಕ್ರವಾರದ ರಜೆ. ಜನ ಕೇಳಿದ್ದು ಕಳೆದುಹೋದ ಮತ. ಸಿಕ್ಕಿದ್ದು ವಾರದ ರಜೆಯ ಬದಲಾವಣೆ! ಏಪ್ರಿಲ್‌ನಲ್ಲಿ ಕರಾಚಿ, ಲಾಹೋರ್, ಹೈದರಾಬಾದ್ ನಗರಗಳಿಗೆ ಸೇನಾಡಳಿತ ಬಂದಿತು. ಅಂದರೆ ಸೇನೆಯನ್ನು ಮೊದಲು ಬೀದಿಗೆ ಕರೆದವರು ಚುನಾಯಿತ ಪ್ರಧಾನಿಯೇ. ವಿರೋಧಿ ನಾಯಕ ಅಸ್ಗರ್ ಖಾನ್, ಅಕ್ರಮ ಆಜ್ಞೆಗಳನ್ನು ಪಾಲಿಸಬೇಡಿರೆಂದು ಸೇನೆಗೆ ಪತ್ರ ಬರೆದರು. ಉದ್ದೇಶವೇನೇ ಇರಲಿ, ಎರಡು ಕಡೆಯವರೂ ತಮ್ಮ ವ್ಯಾಜ್ಯದ ತೀರ್ಪಿಗಾಗಿ ಬಂದೂಕು ಹಿಡಿದವನತ್ತ ನೋಡತೊಡಗಿದ್ದರು.

ಬಂದೂಕು ಹಿಡಿದವನು ತೀರ್ಪನ್ನೂ ಕೊಟ್ಟ, ಆಸ್ತಿಯನ್ನೂ ಇಟ್ಟುಕೊಂಡ. ಜೂನ್‌ನಲ್ಲಿ ಆರಂಭವಾದ ಸಂಧಾನ ಒಪ್ಪಂದದ ಹೊಸ್ತಿಲಿಗೆ ಬಂದಿದ್ದಾಗ, ಜುಲೈ 5ರ ಬೆಳಗಿನ ಜಾವ, ಹಿರಿಯರನ್ನು ಬದಿಗಿರಿಸಿ ಭುಟ್ಟೋ ತಾವೇ ಮೇಲೇರಿಸಿದ್ದ ಜಿಯಾ ಅಧಿಕಾರ ಕಸಿದುಕೊಂಡರು. 90 ದಿನಗಳಲ್ಲಿ ಚುನಾವಣೆಯೆಂಬ ಮಾತು ಕೊಟ್ಟರು; ಆ ಚುನಾವಣೆ, ಅದೂ ಪಕ್ಷಗಳಿಲ್ಲದೆ, ನಡೆದದ್ದು 1985ರಲ್ಲಿ. ಭುಟ್ಟೋ 1979ರ ಏಪ್ರಿಲ್ 4ರಂದು ಗಲ್ಲಿಗೇರಿದರು. ಮೈತ್ರಿಕೂಟದವರು ಕೆಲಕಾಲ ಜಿಯಾರ ಮಂತ್ರಿಮಂಡಲದಲ್ಲಿ ಕುಳಿತು, ಅನಂತರ ಬರಿಗೈಯಲ್ಲಿ ಹೊರಬಂದರು. ಜಿಯಾರ ವಿಶ್ವಾಸದ್ರೋಹ ಕ್ಷಮಾರ್ಹವಲ್ಲ. ಆದರೆ ಕಳ್ಳ ಒಳನುಗ್ಗಿದ್ದನ್ನು ಹೇಳುವವರು ಬಾಗಿಲು ಮುರಿದಿಟ್ಟವರಾರೆಂಬುದನ್ನೂ ಹೇಳಬೇಕು.

ಇದೇ 1977ರ ಮಾರ್ಚ್‌ನಲ್ಲಿ ಗಡಿಯ ಈಚೆಗೂ ಒಂದು ಚುನಾವಣೆ ನಡೆಯಿತು. ತುರ್ತುಪರಿಸ್ಥಿತಿಯ ಕಳಂಕ ಹೊತ್ತ ಇಂದಿರಾ ಗಾಂಧಿ ರಾಯ್‌ಬರೇಲಿಯಲ್ಲಿಯೇ ಸೋತರು. ಸೋಲನ್ನು ಒಪ್ಪಿ ಅಧಿಕಾರ ಬಿಟ್ಟರು. ಇದರಿಂದ ತುರ್ತುಪರಿಸ್ಥಿತಿಯ ಪಾಪ ತೊಳೆದುಹೋಗದು. ಆದರೂ ಮುಂದಿನ ವರ್ಷವೇ ಚಿಕ್ಕಮಗಳೂರಿನ ಮತದಾರರು ಅವರನ್ನು ಲೋಕಸಭೆಗೆ ಕಳುಹಿಸಿದರು. 1980ರಲ್ಲಿ ಅವರು ಮತ್ತೆ ಪ್ರಧಾನಿಯಾದರು. ಆ ಮತದಾರರ ಆಯ್ಕೆ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಸೋತವರಿಗೆ ಮರಳಿ ಬರುವ ದಾರಿ ಉಳಿದಿತ್ತು ಎಂಬುದೇ ಇಲ್ಲಿ ಮುಖ್ಯ. ಆ ದಾರಿಯನ್ನು ಉಳಿಸಿದ್ದು ಎಣಿಕೆಯ ಮೇಲಿನ ನಂಬಿಕೆ.

ಭುಟ್ಟೋ ಕಳೆದುಕೊಂಡದ್ದು ಆ ದಾರಿಯನ್ನು. ಕಡಿಮೆ ಸ್ಥಾನಗಳ ಪ್ರಾಮಾಣಿಕ ಗೆಲುವಾಗಲಿ, ಗೌರವದ ಸೋಲಾಗಲಿ ಅವರನ್ನು ಗಲ್ಲಿನತ್ತ ಒಯ್ಯುತ್ತಿರಲಿಲ್ಲ. 'ಹೇಗೂ ಗೆಲ್ಲುತ್ತಿದ್ದರು' ಎನ್ನುವವರು ಅವರ ಪರ ವಾದಿಸುತ್ತಿರುವೆವೆಂದು ಭಾವಿಸಿದ್ದಾರೆ. ಅವರ ಮೇಲೆ ಹೊರಿಸಬಹುದಾದ ಅತ್ಯಂತ ಕಠಿಣ ಆರೋಪ ಅದೇ ಎಂಬುದು ಅವರಿಗೆ ಹೊಳೆದಂತಿಲ್ಲ.