ಬ್ಯಾಟರಿ ಹಳೆಯದಾದರೆ ಕಾರು ಗುಜರಿಗೇ?

ನಮ್ಮ ಚಾಚಾರ ಬಳಿ ಹಳೆಯ ರೇವಾ ಕಾರಿದೆ. 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದ ಪುಟ್ಟ ವಿದ್ಯುತ್ ಕಾರು ಇದೇ. ಹೊಸದಿದ್ದಾಗ ಒಂದು ಚಾರ್ಜ್‌ಗೆ ಸುಮಾರು 80 ಕಿ.ಮೀ. ಓಡುತ್ತಿದ್ದ ಕಾರು, ವಯಸ್ಸಾದಂತೆ 20 ಕಿ.ಮೀ.ಗೇ ಸುಸ್ತಾಗತೊಡಗಿತು. "ಗುಜರಿಗೆ ಹಾಕಿಬಿಡಿ" ಎಂದು ಮನೆಯವರೆಲ್ಲ ಹೇಳಿದರು. ಚಾಚಾ ಒಪ್ಪಲಿಲ್ಲ.

ಬ್ಯಾಟರಿ ರಿಪೇರಿಯವರೊಬ್ಬರು ಬಂದು ಪರೀಕ್ಷಿಸಿದರು. ಇದರಲ್ಲಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳು ಸರಣಿಯಲ್ಲಿವೆ. ಒಟ್ಟು 48 ವೋಲ್ಟ್. ಕಾರು ಓಡುವಾಗ ಒಂದರ ವೋಲ್ಟೇಜ್ ಮಾತ್ರ ಕುಸಿಯುತ್ತಿತ್ತು. ದ್ವಿತೀಯ ಪಿಯುಸಿಯಲ್ಲಿ ನಾವು ಓದುವ ಆಂತರಿಕ ರೋಧ ಎಂದರೆ ಇದೇ! ಸರಣಿಯಲ್ಲಿ ಒಂದು ಸೋತರೆ ಉಳಿದ ಏಳೂ ಸೋತಂತೆ. ಅದೇ ಬಗೆಯ, ಅಷ್ಟೇ ಬಳಸಿದ ಇನ್ನೊಂದು ಬ್ಯಾಟರಿ ಹಾಕಿ, ಉಳಿದವಕ್ಕೆ ಡಿಸ್ಟಿಲ್ಡ್ ವಾಟರ್ ತುಂಬಿಸಿದರು. ಈಗ 40 ಕಿ.ಮೀ. ಓಡುತ್ತದೆ. ಚಾಚಾರ ಅಂಗಡಿಗೆ ಹೋಗಿಬರಲು 14 ಕಿ.ಮೀ. ಸಾಕು.

ಹಾಗೆಂದು ಎಲ್ಲರೂ ಸ್ಪ್ಯಾನರ್ ಹಿಡಿಯಬೇಕೆಂದಲ್ಲ. ಇಂದಿನ ಕಾರುಗಳ ಲಿಥಿಯಂ ಬ್ಯಾಟರಿಯಲ್ಲಿ ನೂರಾರು ವೋಲ್ಟ್ ಇರುತ್ತದೆ. ತರಬೇತಿಯಿಲ್ಲದೆ ಮುಟ್ಟಿದರೆ ಜೀವಕ್ಕೇ ಅಪಾಯ. ಅದಕ್ಕಾಗಿಯೇ ಕಂಪನಿಗಳು ಬಿಡಿಭಾಗಗಳನ್ನು ಮಾರಬೇಕು, ಹೊರಗಿನ ಮೆಕ್ಯಾನಿಕ್‌ಗಳಿಗೂ ತರಬೇತಿ ಕೊಡಬೇಕು. ಇಡೀ ಬ್ಯಾಟರಿಯನ್ನೇ ಬದಲಿಸಿ ಎಂದರೆ ಬಡವರು, ಮಧ್ಯಮ ವರ್ಗದವರು ಹಳೆಯ ವಿದ್ಯುತ್ ಕಾರು ಕೊಳ್ಳುವುದು ಹೇಗೆ?

ಹೊಸ ಕಾರು ಕೊಂಡರಷ್ಟೇ ಪರಿಸರ ಪ್ರೇಮವಲ್ಲ. ಇರುವುದನ್ನು ಬಾಳಿಸುವುದೂ ಪರಿಸರ ಪ್ರೇಮವೇ. ಗುಜರಿಗೆ ಹಾಕುವ ಮೊದಲು ಒಮ್ಮೆ ಪರೀಕ್ಷಿಸೋಣ. ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಹಳೆಯ ಬ್ಯಾಟರಿಯೊಂದನ್ನಿಟ್ಟು ಈ ಪಾಠ ಮಾಡಿದರೆ ಹೇಗೆ, ಸರ್?